ಹೊಸ ಗಾಲಿಗೆ ಮೆತ್ತಿದ ಕೆಸರು

"ಸಪ್ಪಳ ಇರಬಾರ್ದು, ಕಣ್ಣಿಗೆ ಕಾಣಬಾರ್ದು, ರೊಕ್ಕಾನೂ ಭಾಳ ಹತ್ತಬಾರ್ದು. ಅಂಥಾದ್ದಕ್ಕ ಮೋಟರ್ ಅನ್ನಂಗಿಲ್ಲ ಯಮನೂರಪ್ಪಣ್ಣ, ದೆವ್ವ ಅಂತಾರ," ಎಂದು ಮಲಿಕಸಾಬ ತನ್ನ ಮೊಬೈಲನ್ನು ಗಲ್ಲಾಪೆಟ್ಟಿಗೆಯ ಮೇಲೆ ಬೋರಲು ಹಾಕಿದ.

ಗಂಗಾವತಿಯ ಅವನ ಸೈಕಲ್ ಅಂಗಡಿಗೆ ಯಮನೂರಪ್ಪ ಬಂದಾಗಲೆಲ್ಲ ಇದೇ ಮಾತು. ಸೈಕಲ್ಲಿಗೆ ಕರೆಂಟಿನ ಮೋಟರ್ ಕೂಡಿಸಬೇಕು, ಕೂಡಿಸಿದ್ದು ನರಪಿಳ್ಳೆಗೂ ಗೊತ್ತಾಗಬಾರದು. ಮಲಿಕಸಾಬ ಬಗೆಬಗೆಯದನ್ನು ತೋರಿಸಿ ಸೋತಿದ್ದ. ಹಿಂದಿನ ಗಾಲಿಗೆ ಹಾಕುವಂಥದ್ದು ಗಟ್ಟಿಯೇನೋ ಹೌದು, ಆದರೆ ರೊಟ್ಟಿ ಹಂಚಿನಷ್ಟು ಅಗಲ. ಪೆಡಲಿನ ಹತ್ತಿರ ಕೂಡಿಸುವುದು ಭಾಳ ಛಲೋ, ಅದರ ಬೆಲೆಗೆ ಹಳೆಯ ಮೋಟರ್ ಸೈಕಲ್ಲೇ ಬರುತ್ತದೆ. ಟೈರಿಗೆ ಉಜ್ಜಿಕೊಂಡು ತಿರುಗುವ ಉರುಳೆಯದು ಅಗ್ಗ. ಅದನ್ನು ಚಾಲೂ ಮಾಡಿ ತೋರಿಸಿದಾಗ ಹಿಟ್ಟಿನ ಗಿರಣಿಯೇ ಅಂಗಡಿಗೆ ಬಂದಂತಾಗಿ, ಎದುರಿನ ಚಹಾದ ಹೋಟೆಲಿನವರೆಲ್ಲ ಕಪ್ಪು ಹಿಡಿದುಕೊಂಡೇ ನೋಡಲು ಬಂದರು. ಬಂದವರು ಸುಮ್ಮನಿದ್ದರೇ? ಒಬ್ಬೊಬ್ಬರದೂ ಒಂದೊಂದು ಸಲಹೆ. ಯಾರಿಗೂ ಗೊತ್ತಾಗಬಾರದ ಮೋಟರಿನ ಬಗ್ಗೆ ಅರ್ಧ ಬಜಾರು ಮಾತಾಡುವುದನ್ನು ಕೇಳುತ್ತ ಯಮನೂರಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಇದು ಕದಿಯಾಕ ಹೋಗವ್ರು ಕೇಳೋ ಸಾಮಾನು," ಎಂದ ಮಲಿಕಸಾಬ, ಅವರೆಲ್ಲ ಹೋದ ಮೇಲೆ.

"ಕದಿಯವ್ರನ್ನ ಹಿಡಿಯಾಕ ಹೊಂಟವ ನಾನು."

ಅದು ಸುಳ್ಳಲ್ಲ. ಯಮನೂರಪ್ಪ ಸಿದ್ದಾಪುರದ ಕಡೆಯ ಒಂದು ಉಪಕಾಲುವೆಗೆ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಮತ್ತೆ ಏರಿಯ ಮೇಲೆ ಸೈಕಲ್ ತುಳಿಯುತ್ತ, ಮೇಲ್ಭಾಗದ ಗದ್ದೆಯವರು ತಮ್ಮ ಸರದಿಯಲ್ಲದಾಗ ಕಾಲುವೆಗೆ ಪೈಪು ಇಳಿಬಿಟ್ಟು ನೀರು ಎಳೆಯದಂತೆ ಕಾಯುವುದು. ಮೊಣಕಾಲು ಗಟ್ಟಿ ಇರುವ ತನಕ ನಡೆಯಿತು. ಈಗ ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಅವನು ಇನ್ನೂ ಬೇವಿನ ಮರದ ಹತ್ತಿರ ಏದುಸಿರು ಬಿಡುತ್ತಿರುವಾಗಲೇ, ಮೇಲ್ಭಾಗದ ಗದ್ದೆಯ ಗೋವಿಂದರಾಜನ ಪೈಪು ನೀರಿನಿಂದ ಎದ್ದು ಹುಲ್ಲಿನ ಬಣವೆಯ ಹಿಂದೆ ಸೇರಿರುತ್ತಿತ್ತು. ಅವನು ದಾಟಿ ಹೋದದ್ದೇ ತಡ, ಮತ್ತೆ ನೀರಿಗೆ. ದಾಟುವಾಗ ಗೋವಿಂದರಾಜ ನಮಸ್ಕಾರ ಮಾಡಿ, ಕಾಲು ಹೆಂಗೈತಿ ಎಂದು ವಿಚಾರಿಸಿ, ಎಲೆಅಡಿಕೆ ಬೇರೆ ಕೊಡುತ್ತಿದ್ದ. ಯಮನೂರಪ್ಪನಿಗೆ ಮೈಯೆಲ್ಲ ಉರಿಯುತ್ತಿದ್ದುದು ಆ ಎಲೆಅಡಿಕೆಗೇ.

ಕಾಲುವೆಯ ಕೊನೆಯಲ್ಲಿ ಮುದಕಮ್ಮನ ಗದ್ದೆ. ಅಲ್ಲಿ ಮುಟ್ಟುವಷ್ಟರಲ್ಲಿ ಕಪ್ಪೆ ಮುಳುಗುವಷ್ಟೂ ನೀರು ಉಳಿದಿರುತ್ತಿರಲಿಲ್ಲ. ಭತ್ತದ ಸಸಿ ನಾಟಿಗೆ ಬಂದು ಮಡಿಯಲ್ಲೇ ನಿಂತಿತ್ತು. ಈ ಸರದಿ ತಪ್ಪಿದರೆ ಬಲಿತು ದನದ ಪಾಲು. ಹೋದ ಸಲ ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಯಪ್ಪಾ, ನೀ ಬರೂದು ನೋಡಿ ನೋಡಿ ಸಾಕಾತು," ಎಂದಳು. "ನೀ ಬರಬ್ಯಾಡ, ನೀರು ಕಳಿಸು."

ಕಚೇರಿಯ ಸಾಹೇಬರು ಮೋಟರ್ ಸೈಕಲ್ ತಗೋ ಎಂದರು. ಅದರ ಸಪ್ಪಳ ತನಗಿಂತ ಮೊದಲೇ ಗೋವಿಂದರಾಜನ ಬಣವೆ ಮುಟ್ಟುತ್ತದೆ ಎಂಬುದನ್ನು ಅವರಿಗೆ ತಿಳಿಸಿ ಹೇಳುವಷ್ಟು ತಾಳ್ಮೆ ಯಮನೂರಪ್ಪನಿಗೆ ಉಳಿದಿರಲಿಲ್ಲ.

ಕೊನೆಗೆ ಮಲಿಕಸಾಬ ಒಳಗಿನಿಂದ ಒಂದು ಗಾಲಿ ತಂದ. ಯಾರೋ ಡಾಕ್ಟರರ ಮಗ ಒಂದಿಷ್ಟು ದಿನ ಓಡಿಸಿ ಬೇಸರವಾಗಿ ಮಾರಿದ್ದಂತೆ. ಮುಂದಿನ ಗಾಲಿಗೆ ಕೂಡುವಂಥದ್ದು, ನಟ್ಟನಡುವೆ ಸಣ್ಣ ತೆಂಗಿನಕಾಯಿಯಷ್ಟೇ ಮೋಟರು, ಕಿವಿ ಇಟ್ಟರಷ್ಟೇ ಸಪ್ಪಳ. ಬ್ಯಾಟರಿಯನ್ನು ಬುತ್ತಿಚೀಲದಲ್ಲಿ ಇಟ್ಟು ಹ್ಯಾಂಡಲಿಗೆ ತೂಗುಹಾಕಿದರೆ ರೊಟ್ಟಿಯ ಗಂಟು ಎಂದೇ ತಿಳಿಯಬೇಕು. ಹೋತದ ಮರಿ ಮಾರಿದ ರೊಕ್ಕಕ್ಕೆ ಸರಿಹೊಂದಿತು. ಆದರೆ ಮೋಟರಿನ ಬಿಳಿ ತಗಡು ಬಿಸಿಲಿಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಮನೂರಪ್ಪ ಗಟಾರದ ದಂಡೆಯಿಂದ ಒಂದು ಹಿಡಿ ಕೆಸರು ತಂದು ಅದಕ್ಕೆ ದಪ್ಪಗೆ ಮೆತ್ತಿದ.

"ಹೊಸಾ ಸಾಮಾನಿಗೆ ರಾಡಿ ಹಚ್ಚವ್ರನ್ನ ನಿನ್ನೊಬ್ಬನ್ನ ನೋಡಿದೆ," ಎಂದ ಮಲಿಕಸಾಬ. "ರಾಡಿ ಹಚ್ಚು, ಏನರ ಹಚ್ಚು. ಈ ವೈರ್ ಕೂಡಿದಲ್ಲಿ ಮಾತ್ರ ನೀರು ಹೊಗಬಾರ್ದು. ಮಳಿ ಹನಿಗೆ ಏನೂ ಆಗಂಗಿಲ್ಲ. ಕೊಡಪಾನ ಸುರುವಿ ನನ್ನ ಕಡೆ ಬರಬ್ಯಾಡ."

ಮನೆಯ ದಾರಿಯಲ್ಲಿ ಹಿಡಿಕೆಯ ಕೆಳಗಿನ ಗುಂಡಿ ಒತ್ತಿದಾಗ, ಯಾರೋ ಪ್ರೀತಿಯಿಂದ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗಾಯಿತು. ಮೊಣಕಾಲಿಗೆ ತಾನು ಇರುವುದೇ ಮರೆತುಹೋಯಿತು. ಬಹಳ ದಿನಗಳ ಮೇಲೆ ಯಮನೂರಪ್ಪ ಒಬ್ಬನೇ ನಕ್ಕ.

ಚಾರ್ಜಿಗೆ ಹಾಕಬೇಕಾದ್ದರಿಂದ ಹೆಂಡತಿ ಹುಲಗಮ್ಮನಿಗೆ ಮಾತ್ರ ಹೇಳಲೇಬೇಕಾಯಿತು. ಯಾರ ಮುಂದೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡ. ಅವಳೂ ಹಾಕಿದಳು, ಹಾಕಿದ ಆಣೆಯನ್ನು ಮುರಿಯಲೂ ಇಲ್ಲ. ಆದರೆ ಮರುದಿನ ಅಮಾವಾಸ್ಯೆ. ಮೋಟರ್ ಇದ್ದ ಗಾಡಿಯನ್ನು ಪೂಜೆಯಿಲ್ಲದೆ ದಾರಿಗೆ ಬಿಡುವ ಹೆಂಗಸಲ್ಲ ಅವಳು. ಗಂಡ ಬ್ಯಾಟರಿ ಚಾರ್ಜಿಗೆ ಹಾಕಿ ಬಸ್ಸು ಹತ್ತಿ ಕಚೇರಿಗೆ ಹೋದದ್ದೇ ಸೈಕಲ್ಲನ್ನು ಬಾಗಿಲ ಮುಂದೆ ನಿಲ್ಲಿಸಿದಳು. ಗಾಲಿಯ ಕೆಸರು ನೋಡಿ ಅವಳಿಗೇ ನಾಚಿಕೆಯಾಯಿತು.

ಸಂಜೆ ಯಮನೂರಪ್ಪ ಓಣಿಯ ತಿರುವಿನಲ್ಲಿ ಬಂದಾಗ ಮನೆಯ ಮುಂದೆ ಜನ. ಹುಣಸೆಹುಳಿ ಹಚ್ಚಿ ತಿಕ್ಕಿದ ಮೋಟರು ಫಳಫಳ ಹೊಳೆಯುತ್ತಿತ್ತು. ಅದಕ್ಕೆ ವಿಭೂತಿಯ ಪಟ್ಟೆ, ಕುಂಕುಮ, ಸುತ್ತಲೂ ಚೆಂಡುಹೂವಿನ ಮಾಲೆ. ಗಾಲಿಯ ಕೆಳಗೆ ನಿಂಬೆಹಣ್ಣು. ತೊಳೆದ ನೀರು ಗಟಾರದ ತನಕ ಹರಿದಿತ್ತು.

"ಯಾರಿಗೂ ಹೇಳಬ್ಯಾಡ ಅಂದಿದ್ನಿಲ್ಲೋ?"

"ನಾ ಯಾರಿಗಿ ಹೇಳೀನಿ?" ಹುಲಗಮ್ಮ ಆರತಿಯ ತಟ್ಟೆ ಕೆಳಗಿಟ್ಟಳು. "ಸೈಕಲ್ಲಿಗೆ ಯಾಕ ನಿಂಬಿಹಣ್ಣು ಅಂತ ಅವ್ರ ಕೇಳಿದ್ರು."

ಯಮನೂರಪ್ಪ ಕಟ್ಟೆಯ ಮೇಲೆ ತಲೆ ಹಿಡಿದು ಕುಳಿತ. ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಪ್ರಸಾದದ ಕೊಬ್ಬರಿ ಮೆಲ್ಲುತ್ತಿದ್ದವನು ಬೇರೆ ಯಾರೂ ಅಲ್ಲ, ಗೋವಿಂದರಾಜ. ಎಲ್ಲಿಂದ ವಾಸನೆ ಹಿಡಿದು ಬಂದಿದ್ದನೋ.

"ಇದು ಸಪ್ಪಳ ಮಾಡಂಗಿಲ್ಲೇನ್ರಿ ಅತ್ತಿಗಿ?" ಎಂದು ಕೇಳಿದ.

"ಬೆಕ್ಕು ಬಂದಂಗ ಬರತೈತ್ಯಪ್ಪ," ಎಂದಳು ಹುಲಗಮ್ಮ, ಮಗಳ ಗುಣ ಹೇಳುವ ತಾಯಿಯ ಹಾಗೆ. "ನಿನ್ನಿ ಹಿಟ್ಟು ನಾದಾಕತ್ತಿದ್ದೆ. ತಿರುಗಿ ನೋಡಿದ್ರ ಇವ್ರು ಹಿಂದ ನಿಂತಾರ. ಯಾವಾಗ ಬಂದ್ರೋ ಏನೋ."

ಗೋವಿಂದರಾಜನ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಹಂಗಾರ ಅಣ್ಣಾರು ಒಮ್ಮೆ ಹೋದವ್ರು ಮತ್ತ ಯಾವಾಗ ಬೇಕಾದ್ರ ತಿರುಗಿ ಬರಬಹುದು ಅನ್ರಿ."

"ಬರಬಹುದು," ಎಂದ ಯಮನೂರಪ್ಪ ಹಲ್ಲು ಕಡಿದು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಹೋತದ ಮರಿಯೂ ಹೋಯಿತು, ಗುಟ್ಟೂ ಹೋಯಿತು.

ಬೆಳಿಗ್ಗೆ ಬ್ಯಾಟರಿ ತಂದು ಕೂಡಿಸಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ವೈರಿನ ಜೋಡಣೆ ಬಿಚ್ಚಿ ನೋಡಿದರೆ ಒಳಗಿನಿಂದ ಅರಿಸಿನದ ನೀರು ಹನಿಯಿತು. ಮಲಿಕಸಾಬನಿಗೆ ಫೋನು ಹಚ್ಚಿದ.

"ಕೊಡಪಾನ ಸುರುವಿದ್ಯೇನು?" ಎಂದಿತು ಆ ಕಡೆಯ ದನಿ.

"ಪೂಜಿ ಮಾಡ್ಯಾರ."

"ಪೂಜಿ ಅಂದ್ರ ನಾ ಏನ್ ಅನ್ಲಿ. ಬಿಸಲಾಗ ಒಣಗಿಸು. ಒಣಗೂ ತನಕ ತುಳಕೊಂತ ಹೋಗು."

ಒಣಗಿಸುವುದಕ್ಕೆ ಪುರುಸೊತ್ತೆಲ್ಲಿ? ಇವತ್ತೇ ಮುದಕಮ್ಮನ ಸರದಿ. ತೂಬು ಎತ್ತಿ, ಸತ್ತ ಮೋಟರಿನ ಭಾರವನ್ನೂ ಸೇರಿಸಿ ಯಮನೂರಪ್ಪ ಏರಿಯ ಮೇಲೆ ತುಳಿಯತೊಡಗಿದ. ಸೈಕಲ್ಲು ಮೊದಲಿಗಿಂತ ಭಾರ, ಮೊಣಕಾಲು ಮೊದಲಿಗಿಂತ ಸಿಟ್ಟು. ಮಾಲೆಯನ್ನು ಕೋಪದಲ್ಲಿ ಕಿತ್ತಿದ್ದರೂ ನಾಲ್ಕಾರು ಹೂವು ಕಡ್ಡಿಗಳಲ್ಲಿ ಸಿಕ್ಕಿಕೊಂಡು ಸುತ್ತುತ್ತಿದ್ದವು. ಬೇವಿನ ಮರದ ಏರಿನಲ್ಲಿ ಇಳಿದ. ಮಲಿಕಸಾಬನಿಗೆ, ಹುಲಗಮ್ಮನಿಗೆ, ಡಾಕ್ಟರರ ಮಗನಿಗೆ ಒಂದೊಂದು ಬೈಗುಳ ಕೊಡುತ್ತ ತಳ್ಳಿದ. ಇನ್ನು ಬಣವೆ, ಇನ್ನು ನಮಸ್ಕಾರ, ಇನ್ನು ಆ ಹಾಳು ಎಲೆಅಡಿಕೆ.

ನಮಸ್ಕಾರ ಮಾಡಲು ಅಲ್ಲಿ ಯಾರೂ ಇರಲಿಲ್ಲ. ಗೋವಿಂದರಾಜನ ಪೈಪು ಸುರುಳಿ ಸುತ್ತಿ, ದಾರಿಗೆ ಎದ್ದು ಕಾಣುವಂತೆ ಏರಿಯ ಮೇಲೆಯೇ ಬಿದ್ದಿತ್ತು. ಮುಟ್ಟಿ ನೋಡಿದ. ಒಣಗಿತ್ತು. ಅದರಾಚೆಯವರ ಪೈಪೂ ಮೇಲೆ, ಇನ್ನೊಂದೂ ಮೇಲೆ. ಯಮನೂರಪ್ಪ ನಿಂತು ಹಿಂದೆ ನೋಡಿದ, ಮುಂದೆ ನೋಡಿದ. ಆಮೇಲೆ ಅಭ್ಯಾಸಕ್ಕೆ ಬಿದ್ದವನಂತೆ ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ಏನೂ ಆಗಲಿಲ್ಲ.

ಅವನು ಮತ್ತೆ ಸೈಕಲ್ಲು ಹತ್ತುವಾಗ ಗಾಲಿಯ ಕಡ್ಡಿಯಿಂದ ಒಂದು ಚೆಂಡುಹೂವು ಕಳಚಿ ಕಾಲುವೆಗೆ ಬಿತ್ತು. ಒಂದು ಸುತ್ತು ತಿರುಗಿ, ಮುದಕಮ್ಮನ ಗದ್ದೆಯ ಕಡೆಗೆ, ಅವನಿಗಿಂತ ಜೋರಾಗಿಯೇ ಹೊರಟಿತು.