ಸೆವ್ರಿನ್ ಬಾಯಿಯ ಭರಣಿ

ನಾನು ಒಂದು ಭರಣಿ. ಭುಜದವರೆಗೆ ಬಿಳಿ, ಮೇಲೆ ಕಂದು, ನಡುವೆ ಗುಂಡಗಿನ ಹೊಟ್ಟೆ. ಕುಂಬಾರನ ಒಂದೇ ಆವಿಗೆಯಲ್ಲಿ ನಲವತ್ತು ಮಂದಿ ಬೆಂದೆವು, ಹನ್ನೊಂದು ಮಂದಿ ಬಿರುಕು ಬಿಟ್ಟರು. ನಾನು ಗಟ್ಟಿಯಾಗಿ ಹೊರಬಂದೆ. ಆ ಜಂಬ ಇನ್ನೂ ಹೋಗಿಲ್ಲ ನೋಡಿ.

ಮೊದಲು ಸುಬ್ರಾಯ ಭಟ್ಟರ ಹೋಟೆಲಿನಲ್ಲಿ ಹದಿನೆಂಟು ವರ್ಷ ಮಿಡಿ ಉಪ್ಪಿನಕಾಯಿ ಹೊತ್ತೆ. ಹೋಟೆಲು ಮುಚ್ಚಿದಾಗ ಮಂಗಳೂರು ಬಿಜೈಯ ಸೆವ್ರಿನ್ ಬಾಯಿ ನನ್ನನ್ನು ಬೆರಳಿಂದ ತಟ್ಟಿ ನೋಡಿ ಮನೆಗೆ ತಂದರು, ಕ್ರಿಸ್ಮಸ್ ವೈನಿಗೆಂದು. ಏಳು ದಿನ ಬಿಸಿಲಿಗಿಟ್ಟರೂ ಆ ವರ್ಷದ ವೈನು ಸಾಸಿವೆ ವಾಸನೆ ಹೊಡೆಯಿತು. ನೆಂಟರೆಲ್ಲ ಮುಖ ಕಿವುಚಿಕೊಂಡು ಕುಡಿದು, "ಭಾರೀ ಲಾಯ್ಕ ಉಂಟು ಬಾಯಿ" ಎಂದರು.

ಅಲ್ಲಿಂದ ಪ್ರತಿ ನವೆಂಬರಿನಲ್ಲಿ ನನ್ನೊಳಗೆ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ. ಕೊರಳಿಗೆ ಬಟ್ಟೆ ಕಟ್ಟಿ ಅಡುಗೆಕೋಣೆಯ ಮೂಲೆಯಲ್ಲಿ ಕೂರಿಸುತ್ತಿದ್ದರು. ಹಬ್ಬದ ದಿನ ಮೊಮ್ಮಗ ಅನ್ಸಿಲ್‌ಗೂ ಒಂದು ಚಮಚ, ಅವನಿಗೆ ಐದು ವರ್ಷ ಆದಾಗಿನಿಂದ. ಮಗುವಿಗೆ ಬೇಡವೆಂದು ಯಾರಾದರೂ ಹೇಳಿದರೆ ಸೆವ್ರಿನ್ ಬಾಯಿಗೆ ಸಿಟ್ಟು. "ಇದೆಂತ ಸಾರಾಯಿಯಾ? ಮನೆಯದ್ದಲ್ವಾ! ಮದ್ದು ಇದು." ನಾನೂ ಹೌದೆಂದೇ ನಂಬಿದ್ದೆ.

ಅನ್ಸಿಲ್ ಹತ್ತನೇ ಕ್ಲಾಸಿಗೆ ಬಂದ. ಡಿಸೆಂಬರಿನ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಗೆಳೆಯ ಚರಣ್‌ನನ್ನೂ ಕರೆದುಕೊಂಡು ಮನೆಗೆ ಬಂದ. ಬಾಯಿ ಪಕ್ಕದ ಗಿಲ್ಬರ್ಟ್ ಮಾಮನ ಮನೆಯಲ್ಲಿ ಹಬ್ಬದ ತಿಂಡಿ ಕರಿಯುತ್ತಿದ್ದರು. ಅನ್ಸಿಲ್ ನನ್ನ ಬಟ್ಟೆ ಬಿಚ್ಚಿದ.

"ತಲೆಗೆ ಹತ್ತಿದ್ರೆ ಎಂತ ಮಾಡುದು ಮಾರಾಯ?" ಎಂದ ಚರಣ್.

"ಹೋಗಾ! ದ್ರಾಕ್ಷಿ ರಸ ಇದು. ಮಾಂಯ್ ನಂಗೆ ಐದು ವರ್ಷದಲ್ಲೇ ಕೊಟ್ಟಿದ್ದಾರೆ." ಮಾಂಯ್ ಎಂದರೆ ಅವನ ಅಜ್ಜಿ, ನಮ್ಮ ಬಾಯಿ.

ಚರಣ್ ಒಂದು ಗುಟುಕಿಗೇ ಲೋಟ ಕೆಳಗಿಟ್ಟ. ಅನ್ಸಿಲ್ ಖಾಲಿ ಹೊಟ್ಟೆಗೆ ಐದು ಲೋಟ ಇಳಿಸಿದ. ಸಿಹಿ ಇತ್ತಲ್ಲ, ಎಷ್ಟಾಯಿತೆಂದು ತಿಳಿಯಲೇ ಇಲ್ಲ. ಕಡಿಮೆಯಾದದ್ದು ಕಾಣಬಾರದೆಂದು ಇಬ್ಬರೂ ಸೇರಿ ಫ್ರಿಜ್ಜಿನಲ್ಲಿದ್ದ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತನ್ನು ನನ್ನೊಳಗೆ ಸುರಿದರು. ಬಣ್ಣ ಒಂದೇ! ಅಂಥ ಬುದ್ಧಿ ಪರೀಕ್ಷೆಯಲ್ಲಿ ಒಮ್ಮೆಯೂ ಓಡಿರಲಿಲ್ಲ.

ಆಮೇಲೆ ಅನ್ಸಿಲ್ ನನ್ನನ್ನು ತಬ್ಬಿಕೊಂಡು, "ಗಣಿತ ಟೀಚರ್, ಸಾರಿ, ಹೋಮ್‌ವರ್ಕ್ ನಾಳೆ ಖಂಡಿತ" ಎಂದು ಅತ್ತ. ನನ್ನ ಹೊಟ್ಟೆ ನೋಡಿ ಹಾಗೆನಿಸಿತೋ ಏನೋ. ನಗು ಬರುತ್ತಿತ್ತು, ಅಷ್ಟರಲ್ಲಿ ಅವನು ವಾಂತಿ ಮಾಡಿಕೊಂಡು ಅಲ್ಲೇ ಅಂಗಾತ ಬಿದ್ದ. ನನಗೆ ತಾಗಿದ ಅವನ ಕೈ ತಣ್ಣಗಿತ್ತು. ಚರಣ್ ಕರೆದರೆ ಓಗೊಡಲಿಲ್ಲ. ಗಂಟಲಲ್ಲಿ ಗೊರಗೊರ ಸದ್ದು.

"ಮಲಗಿ ಎದ್ರೆ ಸರಿ ಆಗ್ತಾನೆ" ಎಂದು ತನಗೇ ಹೇಳಿಕೊಂಡು ಚರಣ್ ಬ್ಯಾಗು ಹೆಗಲಿಗೇರಿಸಿದ. ಬಾಗಿಲವರೆಗೂ ಹೋದ. ಅಯ್ಯೋ, ಹೋಗಬೇಡ ಮಗನೇ! ನನಗೆ ಬಾಯಿದ್ದೂ ಮಾತಿಲ್ಲವಲ್ಲ ಎಂದು ಸಂಕಟಪಟ್ಟದ್ದು ಆ ದಿನ. ಹೇಳಿದರೆ ಅಪ್ಪನ ಏಟು, ಶಾಲೆಯಲ್ಲಿ ಮರ್ಯಾದೆ ಹೋಗುವುದು, ಎಲ್ಲ ಅವನ ಮುಖದಲ್ಲಿ ಕಾಣುತ್ತಿತ್ತು. ಗೊರಗೊರ ಇನ್ನೊಮ್ಮೆ ಕೇಳಿತು. ಬ್ಯಾಗು ಎಸೆದು ಓಡಿಬಂದು ಗೆಳೆಯನನ್ನು ಮಗ್ಗುಲಿಗೆ ಹೊರಳಿಸಿದ. ಕಿಟಕಿಯಿಂದಲೇ ಕಿರುಚಿದ: "ಬಾಯೀ, ಬೇಗ ಬನ್ನಿ! ನಾವು ವೈನ್ ಕುಡಿದದ್ದು! ಅನ್ಸಿಲ್ ಏಳುದಿಲ್ಲ!"

ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಯಿ ಓಡಿಬಂದರು. ಗಿಲ್ಬರ್ಟ್ ಮಾಮನ ಕಾರಿನಲ್ಲಿ ಆಸ್ಪತ್ರೆ. ಅಲ್ಲಿ ನಡೆದದ್ದನ್ನು ಬಾಯಿ ಆಮೇಲೆ ಹತ್ತು ಸಲ ಹೇಳಿದ್ದಾರೆ. ಹಾಗೇ ಅಂಗಾತ ಬಿಟ್ಟು ಹೋಗಿದ್ದರೆ ವಾಂತಿ ಉಸಿರಿಗೆ ಸಿಕ್ಕಿ ಹುಡುಗ ಉಳಿಯುತ್ತಿದ್ದದ್ದೇ ಸಂಶಯವಂತೆ.

"ಆದ್ರೆ ಅದು ಮನೆಯದ್ದು ಡಾಕ್ಟ್ರೇ!"

"ಅವನ ಲಿವರಿಗೆ ಮನೆಯದ್ದು, ಅಂಗಡಿಯದ್ದು ಅಂತ ಗೊತ್ತಾಗುದಿಲ್ಲ ಬಾಯಿ."

ಮರುದಿನ ಅನ್ಸಿಲ್ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತಿದ್ದ. ಬಾಯಿ ಬೈಯಲಿಲ್ಲ. "ಮೊದಲ ಚಮಚ ಕೊಟ್ಟದ್ದು ನಾನೇ ಅಲ್ವಾ" ಎಂದು ನನ್ನ ಎದುರು ಕೂತು ಅತ್ತರು. ಆಮೇಲೆ ನನ್ನೊಳಗಿದ್ದದ್ದನ್ನೆಲ್ಲ ತೆಂಗಿನ ಬುಡಕ್ಕೆ ಸುರಿದರು.

ಹಬ್ಬಕ್ಕೆ ನನ್ನ ತುಂಬ ಲವಂಗ ಹಾಕಿದ ಪುನರ್ಪುಳಿ. ಶೀತದಿಂದ ಮೂಗು ಕಟ್ಟಿದ್ದ ಗಿಲ್ಬರ್ಟ್ ಮಾಮ ಅದನ್ನು ವೈನೆಂದೇ ತಿಳಿದು ವಾಡಿಕೆಯಂತೆ ಮೂರು ಗ್ಲಾಸು ಏರಿಸಿ, ವಾಡಿಕೆಯಂತೆ ತೂರಾಡಿ, ಹಾಡಿ, "ಈ ಸಲದ್ದು ಸ್ವಲ್ಪ ಸ್ಟ್ರಾಂಗ್ ಉಂಟು" ಎಂದು ಸೋಫಾ ಹಿಡಿದರು. ಹುಡುಗರಿಬ್ಬರೂ ಪರದೆಯಲ್ಲಿ ಮುಖ ಮುಚ್ಚಿ ನಕ್ಕರು.

ವರ್ಷಗಳು ಕಳೆದು ಈಗ ನಾನೂ ಬಿರುಕು ಬಿಟ್ಟಿದ್ದೇನೆ. ಮೆಟ್ಟಿಲ ಬಳಿ ಮಣ್ಣು ತುಂಬಿಕೊಂಡು ಅಂಥೂರಿಯಂ ಗಿಡ ಹೊತ್ತಿದ್ದೇನೆ. ಕಳೆದ ಕ್ರಿಸ್ಮಸ್‌ಗೆ ಗಿಲ್ಬರ್ಟ್ ಮಾಮ ತಮ್ಮ ಮನೆಯ ವೈನು ತಂದು, ಮೆಟ್ಟಿಲಲ್ಲಿ ಕೂತಿದ್ದ ಅನ್ಸಿಲ್‌ನ ಐದು ವರ್ಷದ ಮಗಳ ಮುಂದೆ ಚಮಚ ಹಿಡಿದರು. "ಒಂದೇ ಚಮಚ ಪುಟ್ಟಿ, ಮನೆಯದ್ದಲ್ವಾ."

ಕಿವಿ ಮಂದವಾದ ಸೆವ್ರಿನ್ ಬಾಯಿಗೆ ಅದೊಂದು ಹೇಗೋ ಕೇಳಿಸಿತು. ಕೋಲೂರಿಕೊಂಡು ಎದ್ದು ಬಂದು, ಚಮಚ ಕಸಿದು, ನನ್ನೊಳಗಿನ ಮಣ್ಣಿಗೆ ಸುರಿದರು.

ಕುಡಿದೆ. ನನಗೆ ಪರವಾಗಿಲ್ಲ, ವಯಸ್ಸಾಗಿದೆ.