ಇಳಿಸಿಕೊಳ್ಳದೆ ಹೋದ ದನಿ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನನ್ನು ಎಲ್ಲರೂ ಕರೆಯುತ್ತಿದ್ದದ್ದು ಬಾಯಿಬಡುಕ ಎಂದೇ. ಆ ಹೆಸರು ಇಟ್ಟವಳು ಅವನ ಅಕ್ಕ. ಅವಳು ತೀರಿಕೊಂಡು ವರ್ಷವಾಗಿತ್ತು. ಫೋನಿನಲ್ಲಿ ಬರೆಯುವುದೆಂದರೆ ಅವಳಿಗೆ ಬೇಸರ. ಏನಿದ್ದರೂ ಒಂದು ಆ್ಯಪ್‌ನಲ್ಲಿ ಗಂಡನಿಗೆ ಮಾತಾಡಿಯೇ ಕಳಿಸುತ್ತಿದ್ದಳು. 'ಬರ್ತಾ ಹಾಲು ತನ್ನಿ.' 'ಛತ್ರಿ ಬಿಟ್ಟು ಹೋದ್ರಲ್ಲ, ಪುಣ್ಯಾತ್ಮ!' ಭಾವನ ಫೋನಿನಲ್ಲಿ ಅವಳ ದನಿ ಉಳಿದದ್ದು ಹೀಗೆ.

ಒಂದು ದಿನ ಆ ಆ್ಯಪ್ ಕಂಪನಿಯ ಮುಖ್ಯಸ್ಥ ವೇದಿಕೆ ಹತ್ತಿ, ನಮ್ಮಲ್ಲಿರುವ ಹಳೆಯ ಧ್ವನಿ ಸಂದೇಶಗಳನ್ನೆಲ್ಲ ತಿಂಗಳ ಕೊನೆಗೆ ಅಳಿಸುತ್ತೇವೆ, ಬೇಕಾದವರು ಅಷ್ಟರೊಳಗೆ ಫೋನಿಗೆ ಇಳಿಸಿಕೊಳ್ಳಿ ಎಂದ. ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. "ಹಳೇ ಮಾತನ್ನ ಯಾರು ಕೂತು ಕೇಳ್ತಾರೆ?" ಎಂದು ನಕ್ಕುಬಿಟ್ಟ.

ಜನ ಉರಿದುಬಿದ್ದರು. ಬಾಯಿಬಡುಕ ಊಟದ ಬಿಡುವಿನಲ್ಲಿ ಜಾಲತಾಣದಲ್ಲಿ ಬರೆದ: 'ಸ್ವಾಮಿ, ನಿಮ್ಮ ಮಾತನ್ನ ಹೊಸದಾಗಿದ್ದಾಗಲೂ ಯಾರೂ ಕೇಳಲ್ಲ. ಎಲ್ಲರದೂ ಹಾಗೇ ಅಂದ್ಕೋಬೇಡಿ.' ಕೈತೊಳೆದು ಬರುವಷ್ಟರಲ್ಲಿ ಆ ಸಾಲು ಎಲ್ಲೆಲ್ಲೋ ಓಡಾಡುತ್ತಿತ್ತು. ಅಪರಿಚಿತರು ಬೆನ್ನು ತಟ್ಟಿದರು. ಇನ್ನೊಂದು ಬರೆಯಿರಿ ಎಂದರು. ಅವನು ಬರೆದ. ಮತ್ತೂ ಬರೆದ. ಗಾಜಿನ ಅಂಚು ಎರಡು ಸಲ ಕೆಟ್ಟು ಮಾಲೀಕರಿಂದ ಬೈಸಿಕೊಂಡ.

ಶಾಲಾ ಬಸ್ ಓಡಿಸುವ ಭಾವ ಅಂಗಡಿಗೇ ಬಂದು ಫೋನ್ ಚಾಚಿದರು. "ನಂಗಿದೆಲ್ಲ ಗೊತ್ತಾಗಲ್ಲ ಕಣೋ. ಅವಳದ್ದು ಒಂಚೂರು ಇಳಿಸ್ಕೊಡು."

"ಇಳಿಸ್ಕೊಂಡ್ರೆ ಅವನ ಮಾತಿಗೆ ಒಪ್ಪಿದ ಹಾಗೆ ಭಾವ. ಹೇಗೆ ಅಳಿಸ್ತಾನೋ ನೋಡೇಬಿಡೋಣ."

"ಆಮೇಲೆ ತೊಂದ್ರೆ ಆಗಲ್ಲ ತಾನೇ?"

"ನಾನಿಲ್ವಾ?"

ಭಾವ ಫೋನನ್ನು ಜೇಬಿಗಿಳಿಸಿ ಹೋದರು.

ತಿಂಗಳು ಮುಗಿಯಿತು. ಕಂಪನಿ ಹೇಳಿದಂತೆಯೇ ಅಳಿಸತೊಡಗಿತು. ಆಮೇಲೆ ಜನರ ಕೂಗು ತಡೆಯಲಾರದೆ ಮುಖ್ಯಸ್ಥ ಕ್ಷಮೆ ಕೇಳಿದ: ನನ್ನ ಮಾತು ಹಗುರವಾಯಿತು, ಉಳಿದವನ್ನು ಮುಟ್ಟುವುದಿಲ್ಲ; ಹೋದವನ್ನು ಮಾತ್ರ ತರಲಾಗದು.

ಗೆದ್ದೆವು, ಗೆದ್ದೆವು ಎಂದು ಜನ ಕುಣಿದರು. ಬಾಯಿಬಡುಕನ ಹೆಸರು ಹಿಡಿದು ಅಭಿನಂದಿಸಿದರು. ಅವನು ಅದನ್ನೆಲ್ಲ ಬದಿಗಿಟ್ಟು ಭಾವನ ಮನೆಗೆ ಓಡಿದ. ಫೋನಿನಲ್ಲಿ ಸಂದೇಶಗಳ ಸಾಲು ಹಾಗೇ ಇತ್ತು. ಒಂದೊಂದನ್ನೇ ಒತ್ತಿದ. ಯಾವುದೂ ಮಾತಾಡಲಿಲ್ಲ.

"ಅವತ್ತೇ ಇಳಿಸ್ಕೊಡಬಹುದಿತ್ತು ಭಾವ. ಹತ್ತು ನಿಮಿಷದ ಕೆಲಸ. ನನ್ನ ಬಾಯಿಗೆ..."

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನು ಬರೆದದ್ದನ್ನ ಬಸ್ಸಿನ ಮಕ್ಕಳು ಓದಿ ತೋರಿಸಿದ್ರು," ಎಂದರು. "ಅವಳಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ದಳು."

ಚಹಾ ಇಡುತ್ತೇನೆಂದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಪಾತ್ರೆ ತುಂಬಿ ಚೆಲ್ಲುತ್ತಿದ್ದರೂ ಭಾವ ನಲ್ಲಿ ನಿಲ್ಲಿಸಲಿಲ್ಲ. ಎದ್ದು ಹೋಗಿ ಅವರ ಪಕ್ಕ ನಿಲ್ಲುವ ಧೈರ್ಯ ಅವನಿಗಾಗಲಿಲ್ಲ.