ಸೋಲಾರ್ ಪ್ಯಾನಲ್ಲಿಗೊಂದು ಕವರ್

ಕರೆಂಟು ಕೈಕೊಟ್ಟಾಗ ನಿಮ್ಮ ಮನೆಯಲ್ಲಿ ಯಾರಿಗೆ ಬೈಯುತ್ತೀರಿ? ನಾವು ಜನರೇಟರಿಗೆ ಬೈಯುತ್ತಿದ್ದೆವು.

ನಮ್ಮದು ಟೈಲರ್ ಅಂಗಡಿ. ಯಜಮಾನರು ಬಟ್ಟೆ ಕತ್ತರಿಸುತ್ತಾರೆ, ನಾನು ಹೊಲಿಯುತ್ತೇನೆ. ಅತ್ತೆ ಹಿಂದಿನ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕಾಜಾ ಹಾಕುತ್ತಾರೆ, ಗುಂಡಿ ಹೊಲಿಯುತ್ತಾರೆ. ಆ ಕಿಟಕಿಯ ಹೊರಗೇ ಡೀಸೆಲ್ ಜನರೇಟರ್. ಅದರ ಹೊಗೆಯೆಲ್ಲ ಅತ್ತೆಯ ಎದೆಗೇ ಇಳಿಯುತ್ತಿತ್ತು. ಕೆಮ್ಮು ಏರಿ ಏರಿ, ಕೊನೆಗೆ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು: "ಈ ಹೊಗೆ ನಿಲ್ಲೋವರೆಗೂ ಇವರನ್ನ ಅಂಗಡಿಗೆ ಕರ್ಕೊಂಡು ಹೋಗಬೇಡಿ."

ಅತ್ತೆಯ ಮುಖ ಬಾಡಿಹೋಯಿತು. "ಮನೇಲಿ ಕೂತು ಗೋಡೆ ಜೊತೆ ಮಾತಾಡ್ಲಾ ನಾನು?" ಅಂದರು. ಸೂಜಿ ಹಿಡಿದೇ ಮಗನನ್ನು ಸಾಕಿದವರು. ಆ ಕುರ್ಚಿ ಬಿಡಿಸುವುದೆಂದರೆ ಅವರ ಕೈಯನ್ನೇ ಕಟ್ಟಿಹಾಕಿದಂತೆ.

ಅವರಿಗಾಗಿಯೇ ಅಂಗಡಿಯ ಮೇಲೆ ಸೋಲಾರ್ ಹಾಕಿಸಿದೆವು. ಮೊದಮೊದಲು ದೀಪ, ಫ್ಯಾನು, ಮೆಷಿನ್ ಎಲ್ಲ ಚೆನ್ನಾಗಿ ನಡೆದವು. ಆಮೇಲೆ ದೀಪ ಮಂಕಾಯಿತು, ಬ್ಯಾಟರಿ ಮಲಗಿತು. ಮತ್ತೆ ಜನರೇಟರ್, ಮತ್ತೆ ಕೆಮ್ಮು.

"ಹಾಕಿದವನಿಗೆ ಒಂದು ಫೋನ್ ಮಾಡ್ರೀ," ಅಂದೆ.

"ಮಾಡಿದ್ರೆ ಇನ್ನೊಂದು ತಗೊಳ್ಳಿ ಅಂತಾನೆ. ಬಿಸಿಲನ್ನ ನಂಬಿ ಕೆಟ್ವಿ ಕಣೇ. ಬಿಚ್ಚಿಸಿ ಮಾರಿಬಿಡ್ತೀನಿ. ಅಮ್ಮ ಮನೇಲೇ ಇರ್ಲಿ."

ಅತ್ತೆ ತಮ್ಮ ಸೂಜಿಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು.

ಅದೇ ಸಂಜೆ ಗ್ರಂಥಾಲಯದ ಅಂಗಳದಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸುತ್ತಾರೆಂದು ಗೊತ್ತಾಯಿತು. ಬಿಸಿಲು, ಗಾಳಿಯಿಂದ ಕರೆಂಟು ಮಾಡುವವರ ಬಗ್ಗೆ. ಗ್ರಂಥಾಲಯ ನೋಡಿಕೊಳ್ಳುವ ಅಕ್ಕ ಇಂಥ ಚಿತ್ರಗಳನ್ನು ತರಿಸಿ ಗೋಡೆಯ ಮೇಲೆ ಬಿಡುತ್ತಿರುತ್ತಾರೆ.

"ಹೀರೋ ಇಲ್ಲ, ಹಾಡಿಲ್ಲ. ಏನಂತ ನೋಡೋದು?" ಎಂದು ಯಜಮಾನರು ಗೊಣಗಿದರು. ಬಿಡಲಿಲ್ಲ ನಾನು, ಎಳೆದುಕೊಂಡೇ ಹೋದೆ. ಅತ್ತೆಯೂ ಬಂದರು.

ಎಲ್ಲಿಯದೋ ಊರು, ಯಾವುದೋ ಭಾಷೆ. ಕೆಳಗೆ ನಮ್ಮ ಅಕ್ಷರ ಬರುತ್ತಿತ್ತು. ಗಾಳಿಗೆ ತಿರುಗುವ ದೊಡ್ಡ ದೊಡ್ಡ ರೆಕ್ಕೆಗಳನ್ನು ತೋರಿಸಿದರು. ಆಮೇಲೆ ಒಬ್ಬ ಕುಂಬಾರಗಿತ್ತಿ. ಅವಳ ತಿಗರಿ ತಿರುಗುವುದು ಸೂರ್ಯನ ಬೆಳಕಿನಿಂದ. ಬೆಳಿಗ್ಗೆ ಎದ್ದವಳೇ ಏಣಿ ಹತ್ತಿ, ಪ್ಯಾನಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಇಳಿದಳು. ಅಷ್ಟೇ.

ಚಿತ್ರ ಮುಗಿದ ಮೇಲೆ ಅಕ್ಕ, "ಏನಾದ್ರೂ ಕೇಳೋದಿದ್ರೆ ಕೇಳಿ," ಅಂದರು. ಎಲ್ಲರಿಗಿಂತ ಮೊದಲು ನಮ್ಮವರೇ ಎದ್ದು ನಿಂತರು.

"ಅಲ್ಲಮ್ಮಾ, ಅಷ್ಟು ಬೆಲೆಬಾಳೋ ಸಾಮಾನು. ಪಾಪ, ಅದಕ್ಕೊಂದು ಕವರ್ ಹೊಲಿಸೋಕೂ ಆ ಹೆಂಗಸಿಗೆ ಗತಿ ಇಲ್ವಾ? ದಿನಾ ಏಣಿ ಹತ್ತಿ ಒರೆಸ್ತಾಳಲ್ಲ."

ಅಕ್ಕ ಅವರನ್ನೇ ನೋಡಿದರು. "ಮಾಸ್ಟರೇ, ನಿಮ್ಮ ಪ್ಯಾನಲ್ಲಿಗೆ ಕವರ್ ಹಾಕಿದೀರಾ?"

"ಹಾಕ್ದೆ ಇರ್ತೀನಾ? ಹಾಕಿಸಿದ ಸ್ವಲ್ಪ ದಿನಕ್ಕೇ, ಧೂಳು, ಹಕ್ಕಿ ಹಿಕ್ಕೆ ಬೀಳುತ್ತೆ ಅಂತ ದಪ್ಪ ಬಟ್ಟೇಲಿ ಹೊಲಿದು, ಅಂಚಿಗೆ ಪೈಪಿಂಗ್ ಇಟ್ಟು ಕಟ್ಟಿದೀನಿ."

ಅಂಗಳವೆಲ್ಲ ಗೊಳ್ಳೆಂದಿತು. ನಾನು ನಗಲೋ ಅಳಲೋ ತಿಳಿಯದೆ ಕೂತೆ. ನಮ್ಮ ಮನೆಯಲ್ಲಿ ಮೆಷಿನ್ನಿಗೆ ಕವರ್, ಫ್ರಿಜ್ಜಿಗೆ ಕವರ್, ರಿಮೋಟಿಗೂ ಕವರ್. ಹಾಗಾಗಿ ಮೇಲೆ ಕಟ್ಟಿದ ಆ ಕವರು ನಮಗ್ಯಾರಿಗೂ ತಪ್ಪೆನಿಸಿರಲೇ ಇಲ್ಲ.

"ಬಟ್ಟೆ ಮೇಲೂ ಬಿಸಿಲು ಬೀಳುತ್ತಲ್ಲಮ್ಮಾ, ಕಾವು ಒಳಗೆ ಇಳಿಯಲ್ವಾ?" ನಮ್ಮವರ ದನಿ ಸಣ್ಣಗಾಗಿತ್ತು.

"ಅದಕ್ಕೆ ಕಾವಲ್ಲ ಅಣ್ಣಾ ಬೇಕಾಗಿರೋದು, ಬೆಳಕು. ನೀವು ಕಣ್ಣಿಗೆ ಬಟ್ಟೆ ಕಟ್ಕೊಂಡು ಸೂಜಿಗೆ ದಾರ ಪೋಣಿಸ್ತೀರಾ? ಕವರ್ ತೆಗೀರಿ. ನೆರಳು ಬೀಳದ ಹಾಗೆ ನೋಡ್ಕೊಳ್ಳಿ. ಧೂಳು ಕೂತಾಗ ಬಿಸಿಲೇರೋ ಮೊದಲೇ ಮೆತ್ತನೆ ಒದ್ದೆ ಬಟ್ಟೇಲಿ ಒರೆಸಿ. ಛಾವಣಿ ಜಾರುತ್ತೆ, ಹುಷಾರು. ಆಮೇಲೂ ಬ್ಯಾಟರಿ ಏಳ್ದೇ ಇದ್ರೆ ಹಾಕಿದವನನ್ನ ಕರೆಸಿ."

ಬೆಳಗಾಗುತ್ತಿದ್ದಂತೆ ಯಜಮಾನರು ಏಣಿ ಹತ್ತಿ ಕವರ್ ಬಿಚ್ಚಿದರು. ಸಂಜೆ ಬೀದಿಯಲ್ಲೆಲ್ಲ ಕರೆಂಟು ಹೋದಾಗ ನಮ್ಮ ಅಂಗಡಿಯ ದೀಪ ಉರಿಯುತ್ತಲೇ ಇತ್ತು. ಜನರೇಟರ್ ತೆಪ್ಪಗೆ ಕೂತಿತ್ತು. ಸ್ವಲ್ಪ ದಿನದಲ್ಲಿ ಅತ್ತೆಯ ಕೆಮ್ಮು ತಗ್ಗಿತು. ಡಾಕ್ಟರಮ್ಮ, "ಹೊಗೆ ಇಲ್ಲ ಅಂದ್ಮೇಲೆ ಅಂಗಡಿಗೆ ಹೋಗ್ಲಿ ಬಿಡಿ," ಅಂದರು. ಸೂಜಿಡಬ್ಬಿ ಕಿಟಕಿಯ ಬಳಿಗೆ ಮರಳಿತು.

ಅತ್ತೆ ಕೂತವರೇ ಮೊದಲು ಮಾಡಿದ ಕೆಲಸವೇನು ಗೊತ್ತೇ? ಆ ಕವರಿಗೆ ಮಗನಿಂದ ಕತ್ತರಿ ಹಾಕಿಸಿ, ಗ್ರಂಥಾಲಯದ ಪ್ರೊಜೆಕ್ಟರಿಗೆ ಚೀಲ ಮಾಡಿಸಿ, ಗುಂಡಿ ತಾವೇ ಹೊಲಿದರು. ಅಕ್ಕನ ಕೈಗಿಟ್ಟು, "ನಿನ್ನ ಹೊಟ್ಟೆ ತಣ್ಣಗಿರಲಮ್ಮಾ. ಆ ಕುಂಬಾರಗಿತ್ತಿಗೂ ಹೇಳು," ಅಂದರು. ಅವಳು ಯಾರೋ, ಎಲ್ಲಿಯವಳೋ. ನಾನೂ ಅವಳನ್ನು ದಿನಾ ನೆನೆಯುತ್ತೇನೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಚಿತ್ರ ತೋರಿಸಿದರೆ ಮನೆಮಂದಿಯೆಲ್ಲ ಹೋಗಿ. ಹಾಡಿಲ್ಲವೆಂದು ಮೂಗು ಮುರಿಯಬೇಡಿ. ತಿಳಿಯದ್ದನ್ನು ಎದ್ದು ನಿಂತು ಕೇಳಿ. ನಕ್ಕರೆ ನಗಲಿ ಬಿಡಿ. ಅವತ್ತು ನಮ್ಮವರು ನಾಚಿಕೆಪಟ್ಟು ಸುಮ್ಮನೆ ಕೂತಿದ್ದರೆ, ಇವತ್ತು ಕಿಟಕಿಯ ಬಳಿ ನಮ್ಮತ್ತೆಯ ಕುರ್ಚಿ ಖಾಲಿ ಇರುತ್ತಿತ್ತು.